ನನ್ನ ಚೆಸ್ ಎಂಜಿನ್, ಎರಡು ಕಂಪೈಲರ್ ಮತ್ತು ಹೊಂದದ ಒಂದು ಸಂಖ್ಯೆ

ಬಿಡುವಿನಲ್ಲಿ ಬರೆಯುತ್ತಾ ಬಂದ ಒಂದು ಚೆಸ್ ಎಂಜಿನ್, ಅಂದರೆ ಚೆಸ್ ಆಡುವ ಪ್ರೋಗ್ರಾಮ್, ನನ್ನದಿದೆ. ಸಿ ಪ್ಲಸ್ ಪ್ಲಸ್‌ನಲ್ಲಿದೆ. ಸೋರ್ಸ್ ಕೋಡನ್ನು ಯಾರು ಬೇಕಾದರೂ ತೆಗೆದುಕೊಳ್ಳಬಹುದು. ಕಂಪೈಲ್ ಮಾಡುವ, ಅಂದರೆ ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ತಾಪತ್ರಯ ಬೇಡ ಅನ್ನುವವರಿಗೆ ನೇರವಾಗಿ ಓಡಿಸಬಹುದಾದ ಸಿದ್ಧ ಬೈನರಿಗಳನ್ನೂ ಇಟ್ಟಿರುತ್ತೇನೆ. ಅದನ್ನು ಬಳಸುವವರೊಬ್ಬರು ಬರೆದರು: “ಸರ್, ನೀವು ಕೊಟ್ಟಿರುವ ಬೈನರಿ ಯಾಕೋ ಮಂಕು. ಅದೇ ಕೋಡನ್ನು ನಾನು ಕ್ಲ್ಯಾಂಗ್‌ನಲ್ಲಿ ಕಂಪೈಲ್ ಮಾಡಿ ಎರಡನ್ನೂ ಆಡಿಸಿದೆ. ನನ್ನದು ನಿಮ್ಮದನ್ನು ಸಲೀಸಾಗಿ ಸೋಲಿಸುತ್ತಿದೆ. ನೀವು ಜಿಸಿಸಿ ಬಿಟ್ಟುಬಿಡಿ.” ಜಿಸಿಸಿ ನಾನು ಬಳಸುತ್ತಿದ್ದ ಕಂಪೈಲರ್, ಕ್ಲ್ಯಾಂಗ್ ಇನ್ನೊಂದು.

ಎಷ್ಟು ಆಟ ಆಡಿಸಿದಿರಿ ಅಂತ ಕೇಳಿದೆ. ನೂರು ಅಂದರು. ನೂರು ಆಟಗಳಲ್ಲಿ ಅರ್ಧದಷ್ಟು ಡ್ರಾ ಆದವು ಅಂತಿಟ್ಟುಕೊಂಡರೆ, ಲೆಕ್ಕದಿಂದ ಬರುವ ಎಲೋ (ಆಟದ ಬಲ ಅಳೆಯುವ ಅಂಕ) ಅಂತರಕ್ಕೆ ಆಚೆ ಈಚೆ ಸುಮಾರು 48ರಷ್ಟು ಅನಿಶ್ಚಿತತೆ ಅಂಟಿಕೊಂಡೇ ಇರುತ್ತದೆ. ಇವತ್ತು 30 ಎಲೋ ಮೇಲು ಅಂತ ಕಂಡ ಬೈನರಿ ನಾಳೆಯ ನೂರು ಆಟದಲ್ಲಿ 10 ಎಲೋ ಕೆಳಗೆ ಕಂಡರೂ ಆಶ್ಚರ್ಯವಿಲ್ಲ. ಹಾಗಂತ ಅವರ ಮಾತನ್ನು ತಳ್ಳಿಹಾಕಲೂ ಮನಸ್ಸಾಗಲಿಲ್ಲ. ಕಂಪೈಲರ್ ಬದಲಾದರೆ ವೇಗ ಬದಲಾಗುವುದು ನಿಜ. ವೇಗ ಬದಲಾದರೆ ಬಲವೂ ಬದಲಾಗುತ್ತದೆ. ಎಷ್ಟು ಅನ್ನುವುದೇ ಪ್ರಶ್ನೆ. ಅದನ್ನು ಸರಿಯಾಗಿ ಅಳೆದುಬಿಡೋಣ ಅಂತ ಕೂತೆ.

ಕಂಪೈಲರ್‌ಗೆ ಚೆಸ್ ಗೊತ್ತಿಲ್ಲ. ಯಾವ ನಡೆಯನ್ನು ಮೊದಲು ನೋಡಬೇಕು, ಯಾವ ಕೊಂಬೆಯನ್ನು ಕತ್ತರಿಸಬೇಕು, ರಾಜನ ಮುಂದಿನ ಪದಾತಿ ಇಲ್ಲದಿದ್ದರೆ ಎಷ್ಟು ಅಂಕ ಕಳೆಯಬೇಕು, ಇದೆಲ್ಲ ಬರೆದವನ ಕೆಲಸ. ಆ ಕೆಲಸವನ್ನು ಪ್ರೊಸೆಸರ್ ಎಷ್ಟು ಬೇಗ ಮುಗಿಸುತ್ತದೆ ಅನ್ನುವುದಷ್ಟೇ ಕಂಪೈಲರ್‌ನ ಕೈಯಲ್ಲಿರುವುದು. ಅದೇ ಸಮಯದಲ್ಲಿ ಹೆಚ್ಚು ನೋಡ್‌ಗಳನ್ನು, ಅಂದರೆ ನಡೆಗಳಿಂದ ಹುಟ್ಟುವ ಸ್ಥಿತಿಗಳನ್ನು, ನೋಡಿದರೆ ಎಂಜಿನ್ ಸ್ವಲ್ಪ ಆಳಕ್ಕೆ ಹೋಗುತ್ತದೆ, ಸ್ವಲ್ಪ ಚೆನ್ನಾಗಿ ಆಡುತ್ತದೆ. ವೇಗ ಇಮ್ಮಡಿಯಾದರೆ 50ರಿಂದ 70 ಎಲೋ ಸಿಗುತ್ತದೆ ಅನ್ನುವುದು ಎಂಜಿನ್ ಬರೆಯುವವರ ನಡುವೆ ಓಡಾಡುವ ಅಂದಾಜು. ಯೋಚಿಸಲು ಕೊಡುವ ಸಮಯ ಹೆಚ್ಚಿದಂತೆ ಈ ಲಾಭ ಇಳಿಯುತ್ತಾ ಹೋಗುತ್ತದೆ.

ಹಾಗಾದರೆ ಒಂದೇ ಕೋಡಿನಿಂದ ಹುಟ್ಟಿದ ಎರಡು ಬೈನರಿಗಳು, ಒಂದೇ ಥ್ರೆಡ್‌ನಲ್ಲಿ, ಒಂದೇ ಆಳಕ್ಕೆ ಹುಡುಕಿದಾಗ ಚಾಚೂ ತಪ್ಪದೆ ನಡೆಗಳ ಒಂದೇ ಮರವನ್ನು ಸುತ್ತಿ ಬರಬೇಕು. ಬೇಗ ಬರಬಹುದು, ನಿಧಾನ ಬರಬಹುದು, ದಾರಿ ಮಾತ್ರ ಬೇರೆಯಾಗಬಾರದು. ಇದನ್ನು ಪರೀಕ್ಷಿಸಲು ಸ್ಟಾಕ್‌ಫಿಶ್ ಅನ್ನುವ ಹೆಸರಾಂತ ಎಂಜಿನ್‌ನವರು ಒಂದು ಒಳ್ಳೆಯ ಅಭ್ಯಾಸ ಇಟ್ಟುಕೊಂಡಿದ್ದಾರೆ. ಎಂಜಿನ್‌ನಲ್ಲೇ ಬೆಂಚ್ ಅನ್ನುವ ಆಜ್ಞೆ ಇದೆ. ಅದು ಒಳಗೇ ಇರುವ ಒಂದಷ್ಟು ಸ್ಥಿತಿಗಳನ್ನು 13ರ ಆಳಕ್ಕೆ ಹುಡುಕಿ, ಕೊನೆಗೆ ಮೂರು ಸಾಲು ಬರೆಯುತ್ತದೆ: ಹಿಡಿದ ಸಮಯ, ನೋಡಿದ ಒಟ್ಟು ನೋಡ್‌ಗಳು, ಸೆಕೆಂಡಿಗೆ ಎಷ್ಟು ನೋಡ್. ನಡುವಿನ ಆ ಸಂಖ್ಯೆಯೇ ಕೋಡಿನ ಸಹಿ ಇದ್ದಂತೆ. ಆಟದ ಗುಣ ಬದಲಿಸುವ ಪ್ರತಿ ಬದಲಾವಣೆಯ ವಿವರಣೆಯಲ್ಲೂ ಹೊಸ ಬೆಂಚ್ ಸಂಖ್ಯೆ ಬರೆದಿರುತ್ತಾರೆ. ಬರಿ ವೇಗಕ್ಕಾಗಿ ಮಾಡಿದ ಬದಲಾವಣೆಯಾದರೆ ಸಂಖ್ಯೆ ಹಾಗೇ ಉಳಿಯಬೇಕು.

ನನ್ನ ಎಂಜಿನ್‌ನಲ್ಲೂ ಇದರ ನಕಲು ಇತ್ತು, ಆದರೆ ನಾನು ಯಾವಾಗಲೂ ನೋಡುತ್ತಿದ್ದದ್ದು ಮೂರನೇ ಸಾಲನ್ನು. ಈ ಸಲ ಜಿಸಿಸಿ, ಕ್ಲ್ಯಾಂಗ್ ಎರಡರ ಬೈನರಿಯನ್ನೂ ಓಡಿಸಿ ಎರಡನೇ ಸಾಲು ನೋಡಿದರೆ ಸಂಖ್ಯೆಗಳೇ ಹೊಂದುತ್ತಿಲ್ಲ. ಭಾರೀ ವ್ಯತ್ಯಾಸವೇನಲ್ಲ, ಮೊದಲ ಎರಡು ಅಂಕಿ ಒಂದೇ, ಆಮೇಲಿನವು ಬೇರೆ. ವೇಗದ ಮಾತನ್ನು ಅಲ್ಲಿಗೇ ನಿಲ್ಲಿಸಿದೆ. ಎರಡು ಬೈನರಿಗಳು ಬೇರೆ ಬೇರೆ ಮರ ಹತ್ತುತ್ತಿದ್ದರೆ ಸೆಕೆಂಡಿಗೆ ಎಷ್ಟು ನೋಡ್ ಅಂತ ಹೋಲಿಸಿ ಏನು ಪ್ರಯೋಜನ?

ನಡೆ ಹುಟ್ಟಿಸುವ ಭಾಗದಲ್ಲಿ ತೊಂದರೆ ಇಲ್ಲ ಅನ್ನುವುದು ಬೇಗ ಖಚಿತವಾಯಿತು. ಆರಂಭದ ಸ್ಥಿತಿಯಿಂದ ಆರು ಅರೆನಡೆಗಳ (ಒಬ್ಬರ ಒಂದು ನಡೆಗೆ ಒಂದು) ಪರ್ಫ್ಟ್, ಅಂದರೆ ಸಾಧ್ಯವಿರುವ ಎಲ್ಲ ನಡೆಸಾಲುಗಳ ಎಣಿಕೆ, 11,90,60,324 ಬರಬೇಕು, ಎರಡರಲ್ಲೂ ಅಷ್ಟೇ ಬಂತು. ಅಂದರೆ ಬೇರೆಯಾಗುತ್ತಿರುವುದು ಹುಡುಕಾಟದಲ್ಲಿ ಅಥವಾ ಸ್ಥಿತಿಗೆ ಅಂಕ ಕೊಡುವ ಮೌಲ್ಯಮಾಪನದಲ್ಲಿ. ಆಳವನ್ನು ಒಂದೊಂದೇ ಇಳಿಸುತ್ತಾ, ಪ್ರತಿ ನೋಡ್‌ನ ಅಂಕವನ್ನು ಫೈಲಿಗೆ ಬರೆಸಿ, ಎರಡು ಫೈಲುಗಳು ಮೊದಲು ಕವಲೊಡೆಯುವ ಸಾಲನ್ನು ಹುಡುಕಿದೆ. ಈ ಕೆಲಸಕ್ಕೆ ಜಾಣತನ ಬೇಕಿಲ್ಲ, ತಾಳ್ಮೆ ಸಾಕು.

ಮೊದಲು ಸಿಕ್ಕದ್ದು ಜೋಬ್ರಿಸ್ಟ್ ಕೀ. ಹಲಗೆಯ ಪ್ರತಿ ಸ್ಥಿತಿಗೂ ಒಂದು 64 ಬಿಟ್‌ನ ಗುರುತು ಬೇಕು. ಅದಕ್ಕಾಗಿ ಪ್ರೋಗ್ರಾಮ್ ಶುರುವಾದಾಗ ಯಾದೃಚ್ಛಿಕ ಸಂಖ್ಯೆಗಳನ್ನು ಹುಟ್ಟಿಸಿಕೊಳ್ಳುತ್ತೇವೆ. ನನ್ನ ಜನರೇಟರ್ ಒಮ್ಮೆಗೆ 32 ಬಿಟ್ ಕೊಡುತ್ತದೆ, ಹಾಗಾಗಿ ಎರಡು ಸಲ ಕರೆದು ಒಂದನ್ನು ಮೇಲಿನ ಅರ್ಧ, ಇನ್ನೊಂದನ್ನು ಕೆಳಗಿನ ಅರ್ಧ ಮಾಡುವ ಪುಟ್ಟ ಫಂಕ್ಷನ್ ಇತ್ತು. ಆ ಎರಡು ಕರೆಗಳೂ ಒಂದೇ ಸಾಲಿನಲ್ಲಿ, ಆರ್ಗ್ಯುಮೆಂಟ್‌ಗಳಾಗಿ ಅಕ್ಕಪಕ್ಕ ಕೂತಿದ್ದವು. ಆರ್ಗ್ಯುಮೆಂಟ್‌ಗಳಲ್ಲಿ ಯಾವುದನ್ನು ಮೊದಲು ಲೆಕ್ಕ ಹಾಕಬೇಕು ಅಂತ ಸಿ ಪ್ಲಸ್ ಪ್ಲಸ್ ಭಾಷೆ ಹೇಳುವುದೇ ಇಲ್ಲ, ಕಂಪೈಲರ್‌ಗೆ ಬಿಟ್ಟಿದ್ದು. ಕ್ಲ್ಯಾಂಗ್ ಎಡದಿಂದ ಬಲಕ್ಕೆ ಹೋಗಿತ್ತು, ಜಿಸಿಸಿ ಬಲದಿಂದ ಎಡಕ್ಕೆ. ಪ್ರತಿ ಕೀಯ ಮೇಲಿನ ಅರ್ಧ ಕೆಳಗೆ, ಕೆಳಗಿನದು ಮೇಲೆ. ಕೀ ಬದಲಾದರೆ ಆಗಲೇ ನೋಡಿದ ಸ್ಥಿತಿಗಳನ್ನು ನೆನಪಿಡುವ ಹ್ಯಾಶ್ ಟೇಬಲ್‌ನಲ್ಲಿ ಕೂರುವ ಜಾಗ ಬದಲಾಗುತ್ತದೆ. ಜಾಗ ಬದಲಾದರೆ ಯಾರು ಯಾರನ್ನು ಹೊರದಬ್ಬುತ್ತಾರೆ ಅನ್ನುವುದೂ ಬದಲಾಗುತ್ತದೆ. ಅಲ್ಲಿಂದ ಮುಂದೆ ಮರವೇ ಬೇರೆ. ಎರಡೂ ಸರಿಯೇ, ಒಂದು ಇನ್ನೊಂದಕ್ಕಿಂತ ಬಲವೇನಲ್ಲ, ಆದರೆ ಒಂದೇ ಅಲ್ಲ. ಕರೆಗಳನ್ನು ಎರಡು ಸಾಲಾಗಿ ಬಿಡಿಸಿ ಬರೆದೆ.

ಎರಡನೆಯದು ಇದಕ್ಕಿಂತ ಸ್ವಾರಸ್ಯದ್ದು. ಆಗ ನನ್ನ ಮೌಲ್ಯಮಾಪನ ಹಳೆಯ ಕ್ರಮದ್ದು: ಮಧ್ಯದಾಟಕ್ಕೊಂದು ಅಂಕ, ಕೊನೆಯಾಟಕ್ಕೊಂದು ಅಂಕ, ಹಲಗೆಯ ಮೇಲೆ ಎಷ್ಟು ದೊಡ್ಡ ಕಾಯಿಗಳು ಉಳಿದಿವೆ ಅನ್ನುವುದನ್ನು ನೋಡಿ ಎರಡನ್ನೂ ಬೆರೆಸುವುದು. ಕುದುರೆ, ಒಂಟೆಗೆ 1, ಆನೆಗೆ 2, ರಾಣಿಗೆ 4. ಎಲ್ಲ ಇದ್ದರೆ 24. ಈ ಬೆರೆಸುವ ಲೆಕ್ಕವನ್ನು ನಾನು ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆಗಳಲ್ಲಿ) ಮಾಡಿ, ಕೊನೆಗೆ ದಶಾಂಶ ಕತ್ತರಿಸಿ ಪೂರ್ಣಾಂಕ ಮಾಡುತ್ತಿದ್ದೆ. ಉತ್ತರ ಸರಿಯಾಗಿ 42 ಬರಬೇಕಾದ ಕಡೆ ಫ್ಲೋಟ್‌ನಲ್ಲಿ ಒಮ್ಮೆ 42, ಒಮ್ಮೆ 41.99999 ಬರುತ್ತದೆ. ಕತ್ತರಿಸಿದರೆ 42 ಮತ್ತು 41. ಇದು ಬೈನರಿಯಿಂದ ಬೈನರಿಗೆ ಬದಲಾಗಲು ಕಾರಣ ಎಫ್‌ಎಂಎ ಅನ್ನುವ ಸೂಚನೆ. ಗುಣಿಸಿ ಕೂಡಿಸುವುದನ್ನು ಅದು ನಡುವೆ ದುಂಡಾಗಿಸದೆ ಒಂದೇ ಏಟಿಗೆ ಮಾಡುತ್ತದೆ. ಹೊಸ ಪ್ರೊಸೆಸರ್‌ಗೆ ಅಂತ ಹೇಳಿ ಕಂಪೈಲ್ ಮಾಡಿದರೆ ಜಿಸಿಸಿ ತಾನಾಗಿ ಅದನ್ನು ಬಳಸಿಕೊಳ್ಳುತ್ತದೆ. ಕ್ಲ್ಯಾಂಗ್ 14ನೇ ಆವೃತ್ತಿಯಿಂದ ಹಾಗೆ ಮಾಡುತ್ತದೆ, ಅದಕ್ಕೂ ಹಿಂದಿನದು ಮಾಡುವುದಿಲ್ಲ. ಹಳೆಯ ಪ್ರೊಸೆಸರ್‌ಗೂ ಓಡಲಿ ಅಂತ ಕಂಪೈಲ್ ಮಾಡಿದರೆ ಆ ಸೂಚನೆಯೇ ಇರುವುದಿಲ್ಲ. ಹೀಗಾಗಿ ಕಂಪೈಲರ್ ಒಂದೇ ಆಗಿದ್ದರೂ ಫ್ಲ್ಯಾಗ್ (ಕಂಪೈಲರ್‌ಗೆ ಕೊಡುವ ಆಯ್ಕೆ) ಬದಲಾದರೆ ನನ್ನ ಎಂಜಿನ್ ಒಂದು ಸೆಂಟಿಪಾನ್ (ಪದಾತಿಯ ಬೆಲೆಯ ನೂರನೇ ಒಂದು ಭಾಗ) ಅಷ್ಟು ಬೇರೆ ಅಭಿಪ್ರಾಯ ಇಟ್ಟುಕೊಂಡು ಆಡುತ್ತಿತ್ತು. ಆ ಲೆಕ್ಕವನ್ನು 24ರಿಂದ ಭಾಗಿಸುವ ಪೂರ್ಣಾಂಕ ಲೆಕ್ಕವಾಗಿ ಬದಲಿಸಿದ ಮೇಲೆ ಲಿನಕ್ಸ್‌ನಲ್ಲಿ ಎರಡೂ ಬೈನರಿಗಳ ಬೆಂಚ್ ಸಂಖ್ಯೆ ಕೊನೆಯ ಅಂಕಿಯವರೆಗೂ ಒಂದಾಯಿತು.

ವಿಂಡೋಸ್‌ನಲ್ಲಿ ವಿಷುಯಲ್ ಸ್ಟುಡಿಯೋದ ಕಂಪೈಲರ್ ಹಾಕಿ ನೋಡಿದರೆ ಮತ್ತೆ ಬೇರೆ. ಅಲ್ಲಿ ಎರಡು ಸಂಗತಿ. ಲಿನಕ್ಸ್‌ನಲ್ಲಿ ಕ್ಲ್ಯಾಂಗ್ ಕೂಡ ಸಾಮಾನ್ಯವಾಗಿ ಜಿಸಿಸಿಯ ಸ್ಟ್ಯಾಂಡರ್ಡ್ ಲೈಬ್ರರಿಯನ್ನೇ ಬಳಸುತ್ತದೆ, ಆದ್ದರಿಂದ ನಡೆಗಳನ್ನು ಅಂಕದ ಪ್ರಕಾರ ಜೋಡಿಸುವ ಸಾರ್ಟ್ ಫಂಕ್ಷನ್ ಎರಡಕ್ಕೂ ಒಂದೇ. ಮೈಕ್ರೋಸಾಫ್ಟ್‌ನ ಲೈಬ್ರರಿ ಬೇರೆ. ಸಮಾನ ಅಂಕದ ಎರಡು ನಡೆಗಳಲ್ಲಿ ಯಾವುದು ಮೊದಲು ಬರಬೇಕು ಅನ್ನುವುದಕ್ಕೆ ಸಾರ್ಟ್‌ನಲ್ಲಿ ಖಾತರಿ ಇಲ್ಲ, ಮತ್ತು ಕೆಲಸಕ್ಕೆ ಬಾರದ ಕೊಂಬೆಗಳನ್ನು ಕತ್ತರಿಸುವ ಆಲ್ಫಾ ಬೀಟಾ ಹುಡುಕಾಟಕ್ಕೆ ನಡೆಗಳ ಸರದಿಯೇ ಜೀವಾಳ. ಸ್ಟಾಕ್‌ಫಿಶ್ ಇದಕ್ಕಾಗಿ ತನ್ನದೇ ಇನ್ಸರ್ಷನ್ ಸಾರ್ಟ್ ಇಟ್ಟುಕೊಂಡಿದೆ. ನಾನೂ ಅದೇ ದಾರಿ ಹಿಡಿದೆ. ಇನ್ನೊಂದು, ಪದಾತಿಗಳ ಹ್ಯಾಶ್ ಕೀಯನ್ನು ಅನ್‌ಸೈನ್ಡ್ ಲಾಂಗ್‌ನಲ್ಲಿ ಇಟ್ಟಿದ್ದದ್ದು. 64 ಬಿಟ್ ಲಿನಕ್ಸ್‌ನಲ್ಲಿ ಅದು 64 ಬಿಟ್, 64 ಬಿಟ್ ವಿಂಡೋಸ್‌ನಲ್ಲಿ 32. ಅರ್ಧ ಕೀ ಕತ್ತರಿಸಿ ಹೋಗಿ, ಒಂದು ಪದಾತಿ ರಚನೆಯ ಅಂಕ ಇನ್ನೊಂದಕ್ಕೆ ಅಂಟುವ ಸಾಧ್ಯತೆ ಹೆಚ್ಚಿತ್ತು. ಹೀಗೆ ಹುಡುಕಿ ತೆಗೆದವುಗಳಲ್ಲಿ ಆಟವನ್ನು ನಿಜಕ್ಕೂ ಕೆಡಿಸಬಹುದಾಗಿದ್ದದ್ದು ಇದೊಂದೇ.

ಬೆಂಚ್ ಸಂಖ್ಯೆ ಹೊಂದಿದ ಮೇಲೂ ಒಂದು ಸಂದೇಹ. ಬೆಂಚ್‌ನಲ್ಲಿರುವುದು ಬೆರಳೆಣಿಕೆಯ ಸ್ಥಿತಿಗಳು. ಪೂರ್ತಿ ಆಟಗಳಲ್ಲೂ ಎರಡು ಬೈನರಿಗಳು ಒಂದೇ ಥರ ಆಡುತ್ತವೆಯೇ? ಇದಕ್ಕೊಂದು ಚಂದದ ಪರೀಕ್ಷೆ ಇದೆ. ಎರಡಕ್ಕೂ ಸಮಯದ ಬದಲು ಪ್ರತಿ ನಡೆಗೆ ಇಷ್ಟೇ ನೋಡ್ ಅಂತ ಮಿತಿ ಕೊಡಿ. ಪ್ರತಿ ಓಪನಿಂಗನ್ನೂ ಬಣ್ಣ ಅದಲುಬದಲು ಮಾಡಿ ಎರಡು ಸಲ ಆಡಿಸಿ, ಪ್ರತಿ ಆಟಕ್ಕೂ ಮೊದಲು ಹ್ಯಾಶ್ ಖಾಲಿ ಮಾಡಿಸಿ. ಎರಡೂ ನಿಜವಾಗಿ ಒಂದೇ ಆಗಿದ್ದರೆ ಜೋಡಿಯ ಎರಡು ಆಟಗಳೂ ನಡೆಗೆ ನಡೆ ಒಂದೇ ಆಟ. ಬಿಳಿ ಗೆದ್ದರೆ ಎರಡರಲ್ಲೂ ಬಿಳಿಯೇ ಗೆಲ್ಲುತ್ತದೆ, ಜೋಡಿಯ ಫಲಿತಾಂಶ 1–1. ಇಡೀ ಪಂದ್ಯ ಕರಾರುವಾಕ್ಕಾಗಿ ಐವತ್ತಕ್ಕೆ ಐವತ್ತು. ಇಲ್ಲಿ ಅನಿಶ್ಚಿತತೆಯ ಮಾತೇ ಇಲ್ಲ. ಒಂದೇ ಒಂದು ಜೋಡಿ ತಪ್ಪಿದರೂ ಎಲ್ಲೋ ಹುಳುಕಿದೆ ಅಂತ ಅರ್ಥ. ನನ್ನ ಪಂದ್ಯ ರಾತ್ರಿಯಿಡೀ ಓಡಿತು, ಒಂದು ಜೋಡಿಯೂ ತಪ್ಪಲಿಲ್ಲ. ಕಂಪೈಲರ್‌ನಿಂದ ಎಂಜಿನ್‌ನ “ಶೈಲಿ” ಬದಲಾಗುತ್ತದೆ, ಇದು ಧೈರ್ಯವಾಗಿ ಆಡುತ್ತದೆ, ಅದು ಹಿಂಜರಿಯುತ್ತದೆ ಅಂತೆಲ್ಲ ಹೇಳುವವರಿದ್ದಾರೆ. ಅವರಿಗೆ ಈ ಪರೀಕ್ಷೆ ಮಾಡಿ ಅಂತ ಹೇಳುತ್ತೇನೆ. ಶೈಲಿ ಬದಲಾಗಿದ್ದು ಕಂಡರೆ ಅದು ಬಗ್.

ಇನ್ನು ವೇಗ. ನನ್ನ ಯಂತ್ರದಲ್ಲಿ ಹಳೆಯ ಜಿಸಿಸಿ ಬೈನರಿಗಿಂತ ಕ್ಲ್ಯಾಂಗ್‌ನದು ಮುಂದಿತ್ತು, ಅದೂ ಸಣ್ಣ ಅಂತರವಲ್ಲ. ಬಳಕೆದಾರರ ಮಾತಿನಲ್ಲಿ ಹುರುಳಿತ್ತು. ಯಾಕೆ ಅಂತ ನೋಡಲು ಲಿನಕ್ಸ್‌ನ ಪರ್ಫ್ ಅನ್ನುವ ಅಳತೆ ಸಾಧನ ಓಡಿಸಿದೆ. ಸಮಯ ತಿನ್ನುವ ಫಂಕ್ಷನ್‌ಗಳ ಪಟ್ಟಿಯಲ್ಲಿ, ನಾನು ಬರೆದ ಹುಡುಕಾಟ, ಮೌಲ್ಯಮಾಪನಗಳ ಪಕ್ಕದಲ್ಲೇ, ನಾನು ಬರೆಯದ ಒಂದು ಹೆಸರು ಕೂತಿತ್ತು: ಅಂಡರ್‌ಸ್ಕೋರ್‌ಗಳಿಂದ ಶುರುವಾಗುವ ‘ಪಾಪ್‌ಕೌಂಟ್‌ಡಿಐ2’. ಜಿಸಿಸಿಯ ಒಳಲೈಬ್ರರಿಯಿಂದ ಬಂದದ್ದು.

ವಿಷಯ ಇಷ್ಟೇ. ಈಗಿನ ಎಂಜಿನ್‌ಗಳು ಹಲಗೆಯನ್ನು 64 ಬಿಟ್‌ನ ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತವೆ, ಒಂದು ಮನೆಗೆ ಒಂದು ಬಿಟ್. ಒಂಟೆ ಎಷ್ಟು ಮನೆಗಳನ್ನು ನೋಡುತ್ತಿದೆ ಅಂದರೆ ಆ ಸಂಖ್ಯೆಯಲ್ಲಿ ಎಷ್ಟು ಬಿಟ್ 1 ಆಗಿದೆ ಅಂತ ಎಣಿಸಬೇಕು. ಇದನ್ನು ಸೆಕೆಂಡಿಗೆ ಲಕ್ಷಾಂತರ ಸಲ ಮಾಡಬೇಕಾಗುತ್ತದೆ. ಪಾಪ್‌ಕೌಂಟ್ ಅನ್ನುವ ಒಂದೇ ಸೂಚನೆಯಲ್ಲಿ ಈ ಕೆಲಸ ಮುಗಿಯುತ್ತದೆ. ಇಂಟೆಲ್‌ನಲ್ಲಿ ಅದು 2008ರ ನೆಹಾಲೆಮ್‌ನಿಂದ ಇದೆ. ಆದರೆ 64 ಬಿಟ್ ಎಕ್ಸ್86ರ (ಇಂಟೆಲ್, ಎಎಂಡಿಗಳು ಬಳಸುವ ವಿನ್ಯಾಸದ) ಮೊದಲ ಪ್ರೊಸೆಸರ್ 2003ರದ್ದು, ಅದರಲ್ಲಿ ಪಾಪ್‌ಕೌಂಟ್ ಇಲ್ಲ. ಯಾವ ಪ್ರೊಸೆಸರ್ ಅಂತ ನಾವು ಹೇಳದಿದ್ದರೆ ಕಂಪೈಲರ್ ಆ 2003ರ ಯಂತ್ರವನ್ನೇ ಮನಸ್ಸಿನಲ್ಲಿಟ್ಟುಕೊಂಡು ಕೋಡ್ ಬರೆಯುತ್ತದೆ. ಎಲ್ಲರ ಯಂತ್ರದಲ್ಲೂ ಓಡಲಿ ಅಂತ ನಾನು ಆ ಫ್ಲ್ಯಾಗ್ ಕೊಟ್ಟೇ ಇರಲಿಲ್ಲ. ಆಗ ಜಿಸಿಸಿ ಪ್ರತಿ ಎಣಿಕೆಗೂ ಲೈಬ್ರರಿಯ ಫಂಕ್ಷನ್ ಕರೆಯುತ್ತದೆ. ಕ್ಲ್ಯಾಂಗ್ ಅದೇ ಎಣಿಕೆಯನ್ನು ಶಿಫ್ಟ್, ಮಾಸ್ಕ್, ಗುಣಾಕಾರಗಳ ಸಾಲಾಗಿ ಅಲ್ಲೇ ಬಿಡಿಸಿ ಬರೆಯುತ್ತದೆ. ಕರೆದು ಹಿಂತಿರುಗುವ ಖರ್ಚು ಉಳಿಯಿತು. ಪಾಪ್‌ಕೌಂಟ್ ಇರುವ ಯಂತ್ರ ಅಂತ ಒಂದು ಫ್ಲ್ಯಾಗ್ ಕೊಟ್ಟ ಕೂಡಲೇ ಎರಡೂ ಒಂದೇ ಸೂಚನೆ ಬರೆದವು, ಲೈಬ್ರರಿಯ ಆ ಹೆಸರು ಪಟ್ಟಿಯಿಂದ ಮಾಯವಾಯಿತು, ಕ್ಲ್ಯಾಂಗ್‌ನ ಮುನ್ನಡೆಯ ಬಹುಪಾಲು ಕರಗಿಹೋಯಿತು. ಕಂಪೈಲರ್‌ಗಳ ಜಗಳ ಅಂತ ಕಂಡದ್ದು ನಾವು ಕಂಪೈಲರ್‌ಗೆ ಏನು ಹೇಳಲಿಲ್ಲ ಅನ್ನುವುದರ ಫಲ.

ಹಾಗಾದರೆ ಎಲ್ಲ ಫ್ಲ್ಯಾಗ್ ಹಾಕಿಬಿಡೋಣ ಅಂದರೆ ಅದೂ ಸರಿಯಲ್ಲ. ‘ಮಾರ್ಚ್ ನೇಟಿವ್’ ಹಾಕಿದರೆ ಬೈನರಿ ನನ್ನ ಪ್ರೊಸೆಸರ್‌ಗೆ ಹೇಳಿ ಹೊಲಿಸಿದ ಹಾಗೆ ಇರುತ್ತದೆ. ಹಳೆಯ ಪ್ರೊಸೆಸರ್ ಇರುವವರು ಓಡಿಸಿದ ಕ್ಷಣವೇ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಬಿದ್ದುಹೋಗುತ್ತದೆ. ಇನ್ನೂ ಸೂಕ್ಷ್ಮವಾದದ್ದು ಪೆಕ್ಸ್ಟ್ ಸೂಚನೆ. ಆನೆ, ಒಂಟೆಗಳ ದಾಳಿಯ ಮನೆಗಳನ್ನು ಪಟ್ಟಿಯಿಂದ ತೆಗೆಯಲು ಅದು ಬಹಳ ಅನುಕೂಲ, ಅದೇ ಕೆಲಸ ಮಾಡುವ ‘ಮ್ಯಾಜಿಕ್’ ಗುಣಾಕಾರದ ಬದಲು ಬಳಸಬಹುದು. 2013ರ ಹ್ಯಾಸ್ವೆಲ್‌ನಿಂದ ಇಂಟೆಲ್‌ನಲ್ಲಿ ಅದಕ್ಕೆ ಮೂರು ಸೈಕಲ್ ಸಾಕು. ಎಎಂಡಿಯ ಜೆನ್ ಮತ್ತು ಜೆನ್ 2ರಲ್ಲಿ ಸೂಚನೆ ಇದೆ, ಆದರೆ ಮೈಕ್ರೋಕೋಡ್‌ನಲ್ಲಿ (ಒಳಗೆ ಹಲವು ಸಣ್ಣ ಹೆಜ್ಜೆಗಳಾಗಿ) ನಡೆಯುತ್ತದೆ, ಹಲವು ಪಟ್ಟು ನಿಧಾನ. 2020ರ ಜೆನ್ 3ರಲ್ಲಿ ಸರಿಹೋಯಿತು. ಹಾಗಾಗಿ ಜೆನ್ 2 ಯಂತ್ರದಲ್ಲಿ ಹೆಸರಿಗೆ ಹೆಚ್ಚು ಆಧುನಿಕವಾದ, ಪೆಕ್ಸ್ಟ್ ಬಳಸುವ ಬಿಎಂಐ2 ಬೈನರಿಗಿಂತ ಅದನ್ನು ಬಳಸದ ಎವಿಎಕ್ಸ್2 ಬೈನರಿಯೇ ಮುಂದೆ ಓಡುತ್ತದೆ. ನನಗೆ ಬರೆದವರ ಬಳಿ ಇದ್ದದ್ದು ಅಂಥದೇ ಯಂತ್ರ.

ವೇಗ ಅಳೆಯುವುದೇ ಒಂದು ಪಾಡು. ಒಂದು ಬೈನರಿಯನ್ನು ಹತ್ತಾರು ಸಲ ಓಡಿಸಿ, ಆಮೇಲೆ ಇನ್ನೊಂದನ್ನು ಓಡಿಸಿದರೆ ಎರಡನೆಯದರ ಹೊತ್ತಿಗೆ ಪ್ರೊಸೆಸರ್ ಕಾದು ಗಡಿಯಾರ ಇಳಿಸಿರುತ್ತದೆ. ಅದಕ್ಕೇ ಒಂದಾದ ಮೇಲೊಂದು ಸರದಿಯಲ್ಲಿ ಓಡಿಸಬೇಕು. ಟರ್ಬೋ ಆಫ್ ಮಾಡಿದೆ, ಬೆಂಚನ್ನು ಒಂದೇ ಕೋರ್‌ಗೆ ಕಟ್ಟಿಹಾಕಿದೆ, ಬ್ರೌಸರ್ ಮುಚ್ಚಿದೆ. ಇಷ್ಟಾದರೂ ನೂರಕ್ಕೆ ಒಂದೆರಡರ ವ್ಯತ್ಯಾಸವನ್ನು ನಂಬಲು ನನಗೆ ಧೈರ್ಯ ಬರುವುದಿಲ್ಲ. ಎಲ್ಲೂ ಬಳಕೆಯಾಗದ ಒಂದು ಫಂಕ್ಷನ್ ಸೇರಿಸಿದ್ದಕ್ಕೇ, ಬಿಸಿ ಲೂಪ್ ಮೆಮೊರಿಯಲ್ಲಿ ಕೆಲವು ಬೈಟ್ ಆಚೆ ಸರಿದು, 64 ಬೈಟ್‌ನ ಕ್ಯಾಶ್ ಸಾಲಿನ ಗಡಿಯ ಮೇಲೆ ಬಿದ್ದು ನಿಧಾನವಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಆಗ ಗೆದ್ದದ್ದು ಕಂಪೈಲರ್ ಅಲ್ಲ, ಅದೃಷ್ಟ.

ಫ್ಲ್ಯಾಗ್‌ಗಳಲ್ಲಿ, ಕೋಡನ್ನು ಎಷ್ಟು ಚುರುಕು ಮಾಡಬೇಕು ಅನ್ನುವ ಓ2, ಓ3 ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ನನ್ನ ಕೋಡಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಎಲ್ಲ ಫೈಲುಗಳನ್ನೂ ಒಟ್ಟಿಗೆ ನೋಡಿ ಚುರುಕು ಮಾಡುವ ಲಿಂಕ್ ಸಮಯದ ಆಪ್ಟಿಮೈಸೇಷನ್‌ನಿಂದ ಸ್ವಲ್ಪ ಸಿಕ್ಕಿತು, ಯಾಕೆಂದರೆ ನನ್ನ ಮೌಲ್ಯಮಾಪನವೂ ಹುಡುಕಾಟವೂ ಬೇರೆ ಬೇರೆ ಫೈಲುಗಳಲ್ಲಿದ್ದವು. ನಿಜವಾದ ಲಾಭ ಸಿಕ್ಕಿದ್ದು ಪಿಜಿಓದಿಂದ, ಅಂದರೆ ಪ್ರೊಫೈಲ್ ನೋಡಿ ಕಂಪೈಲ್ ಮಾಡುವುದು. ಮೊದಲು ಎಣಿಕೆ ಯಂತ್ರ ಕೂರಿಸಿದ ಬೈನರಿ ಮಾಡಿಕೊಳ್ಳುತ್ತೇವೆ, ಅದನ್ನು ಬೆಂಚ್‌ನಲ್ಲಿ ಓಡಿಸುತ್ತೇವೆ. ಯಾವ ಇಫ್ ಎಷ್ಟು ಸಲ ಹೌದಾಯಿತು, ಯಾವ ಫಂಕ್ಷನ್ ಎಷ್ಟು ಸಲ ಕರೆಯಲ್ಪಟ್ಟಿತು ಎಲ್ಲ ಫೈಲಿನಲ್ಲಿ ದಾಖಲಾಗುತ್ತದೆ. ಆ ಫೈಲು ಕೊಟ್ಟು ಮತ್ತೆ ಕಂಪೈಲ್ ಮಾಡುತ್ತೇವೆ. ಸ್ಟಾಕ್‌ಫಿಶ್‌ನ ಮೇಕ್‌ಫೈಲ್‌ನಲ್ಲಿ ‘ಪ್ರೊಫೈಲ್ ಬಿಲ್ಡ್’ ಅಂತ ಇರುವುದು ಇದೇ.

ಚೆಸ್ ಎಂಜಿನ್‌ಗೆ ಇದು ಇಷ್ಟು ಒಗ್ಗುವುದಕ್ಕೆ ಕಾರಣವಿದೆ. ಹುಡುಕಾಟದ ಫಂಕ್ಷನ್ ಅಂದರೆ ಸಾಲುಸಾಲು ಇಫ್‌ಗಳು: ರಾಜನಿಗೆ ಚೆಕ್ ಇದೆಯೇ, ಹ್ಯಾಶ್‌ನಲ್ಲಿ ನಡೆ ಸಿಕ್ಕಿತೇ, ನಲ್ ಮೂವ್ ಮಾಡಬಹುದೇ (ಸರದಿ ಬಿಟ್ಟುಕೊಟ್ಟು ನೋಡಬಹುದೇ), ಈ ನಡೆಯನ್ನು ಕಡಿಮೆ ಆಳಕ್ಕೆ ನೋಡಿದರೆ ಸಾಕೇ. ಯಾವುದು ಸಾಮಾನ್ಯ, ಯಾವುದು ಅಪರೂಪ ಅಂತ ಕಂಪೈಲರ್ ಊಹಿಸಬೇಕು, ಮತ್ತು ಜಿಸಿಸಿ, ಕ್ಲ್ಯಾಂಗ್‌ಗಳ ಊಹೆ ಬೇರೆ ಬೇರೆ. ಒಂದು ಕಡೆ ಕ್ಲ್ಯಾಂಗ್ ಜಿಗಿತವನ್ನೇ ತೆಗೆದು ಷರತ್ತಿನ ಮೂವ್ ಸೂಚನೆ ಹಾಕಿದ್ದರೆ, ಅಲ್ಲೇ ಜಿಸಿಸಿ ಜಿಗಿತ ಉಳಿಸಿಕೊಂಡಿತ್ತು. ಇನ್ನೊಂದು ಕಡೆ ತಿರುವುಮುರುವು. ಪ್ರೊಫೈಲ್ ಕೈಗೆ ಬಂದ ಮೇಲೆ ಊಹೆಯ ಅಗತ್ಯವಿಲ್ಲ. ಅಪರೂಪದ ಕೋಡ್ ದೂರ ಹೋಗುತ್ತದೆ, ಬಿಸಿ ಕೋಡ್ ಒತ್ತೊತ್ತಾಗಿ ಕೂರುತ್ತದೆ. ಪಿಜಿಓ ಇಲ್ಲದ ಜಿಸಿಸಿಗೂ ಪಿಜಿಓ ಇರುವ ಜಿಸಿಸಿಗೂ ನಡುವೆ ನೂರಕ್ಕೆ ಹತ್ತರ ಆಸುಪಾಸಿನ ಅಂತರ ಕಂಡಿತು. ಪಿಜಿಓ ಇರುವ ಜಿಸಿಸಿಗೂ ಪಿಜಿಓ ಇರುವ ಕ್ಲ್ಯಾಂಗ್‌ಗೂ ನಡುವೆ ಉಳಿದದ್ದು ಅದರ ಒಂದು ಸಣ್ಣ ಪಾಲು, ಕಂಪೈಲರ್‌ನ ಆವೃತ್ತಿ ಬದಲಿಸಿದರೆ ಅದೂ ದಿಕ್ಕು ಬದಲಿಸುತ್ತಿತ್ತು. ಬೆಂಚ್‌ನಲ್ಲಿ ಬರಿ ಮಧ್ಯದಾಟದ ಸ್ಥಿತಿಗಳಿದ್ದರೆ ಕೊನೆಯಾಟದ ಕೋಡೆಲ್ಲ ಅಪರೂಪದ್ದು ಅಂತ ಮೂಲೆಗೆ ಬೀಳುತ್ತದೆ. ಹಾಗಾಗಿ ತರಬೇತಿಗೆ ಆನೆ, ಪದಾತಿಗಳ ಕೊನೆಯಾಟಗಳನ್ನೂ ಸೇರಿಸಿದೆ.

ಕಂಪೈಲರ್ ಬರೆಯುವವರಿಗೂ ಚೆಸ್ ಹೊಸದಲ್ಲ ಅನ್ನುವುದನ್ನು ಇಲ್ಲೇ ಹೇಳಿಬಿಡುತ್ತೇನೆ. ಪ್ರೊಸೆಸರ್, ಕಂಪೈಲರ್‌ಗಳನ್ನು ಅಳೆಯುವ ಸ್ಪೆಕ್ ಸಿಪಿಯು ಪರೀಕ್ಷೆಗಳಲ್ಲಿ 2000ದಲ್ಲಿ ಕ್ರಾಫ್ಟಿ, 2006ರಲ್ಲಿ ಸ್ಜೆಂಗ್, 2017ರಲ್ಲಿ ಡೀಪ್ ಸ್ಜೆಂಗ್ ಅನ್ನುವ ಚೆಸ್ ಎಂಜಿನ್‌ಗಳಿದ್ದವು. ಅಂದರೆ ಕಂಪೈಲರ್‌ಗಳೂ ಚೆಸ್ ಕೋಡಿನ ಮೇಲೆ ಕೈ ಪಳಗಿಸಿಕೊಂಡೇ ಬೆಳೆದಿವೆ. ಅದಕ್ಕೂ ಹಿಂದೆ, ರಿಚರ್ಡ್ ಲ್ಯಾಂಗ್ ಅಂಥವರು ಅಸೆಂಬ್ಲಿಯಲ್ಲೇ ಎಂಜಿನ್ ಬರೆಯುತ್ತಿದ್ದ ಕಾಲದಲ್ಲಿ, ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆಮೇಲೆ ನಾನು ಎನ್‌ಎನ್‌ಯುಇಗೆ ಬದಲಾದೆ. ಯು ನಾಸು 2018ರಲ್ಲಿ ಜಪಾನಿನ ಚೆಸ್ ಆದ ಶೋಗಿಗಾಗಿ ರೂಪಿಸಿದ, 2020ರಲ್ಲಿ ಸ್ಟಾಕ್‌ಫಿಶ್ 12ರ ಜೊತೆ ಚೆಸ್‌ಗೆ ಬಂದ ಪುಟ್ಟ ನರಜಾಲ. ಅಲ್ಲಿಂದ ಲೆಕ್ಕಾಚಾರವೇ ಬದಲಾಯಿತು. ಸಮಯದ ದೊಡ್ಡ ಪಾಲು ಈಗ 8 ಬಿಟ್, 16 ಬಿಟ್ ಪೂರ್ಣಾಂಕಗಳನ್ನು ಗುಣಿಸಿ ಕೂಡಿಸುವುದರಲ್ಲಿ ಹೋಗುತ್ತದೆ. ಮೊದಲು ಅದನ್ನು ಸಾದಾ ಫಾರ್ ಲೂಪ್ ಆಗಿ ಬರೆದು ಕಂಪೈಲರ್‌ಗೇ ಬಿಟ್ಟೆ. ಎರಡು ಕಂಪೈಲರ್‌ಗಳ ನಡುವೆ ನಾನು ಕಂಡ ಅತಿ ದೊಡ್ಡ ಅಂತರ ಆಗಲೇ ಕಂಡದ್ದು. ಲೂಪನ್ನು, ಹಲವು ಸಂಖ್ಯೆಗಳನ್ನು ಒಮ್ಮೆಗೇ ಲೆಕ್ಕ ಹಾಕುವ ವೆಕ್ಟರ್ ಸೂಚನೆಗಳಾಗಿ ಬದಲಿಸುವ ರೀತಿ ಒಂದೊಂದರದು ಒಂದೊಂದು. ಕೊನೆಗೆ ಎವಿಎಕ್ಸ್2 ಇಂಟ್ರಿನ್ಸಿಕ್‌ಗಳನ್ನು (ವೆಕ್ಟರ್ ಸೂಚನೆಯನ್ನೇ ಹೆಸರಿಸಿ ಕರೆಯುವ ಫಂಕ್ಷನ್‌ಗಳನ್ನು) ಕೈಯಾರೆ ಬರೆದೆ. ಕಂಪೈಲರ್‌ಗೆ ಯೋಚಿಸಲು ಹೆಚ್ಚೇನೂ ಉಳಿಯಲಿಲ್ಲ, ಅಂತರವೂ ಸಣ್ಣದಾಯಿತು. ಎನ್‌ಎನ್‌ಯುಇ ಇರುವ ಎಂಜಿನ್‌ನಲ್ಲಿ ಹಳೆಯ ವೆಕ್ಟರ್ ಸೂಚನೆಗಳ ಎಸ್‌ಎಸ್‌ಇ ಬೈನರಿಯೋ ಎವಿಎಕ್ಸ್2 ಬೈನರಿಯೋ ಅನ್ನುವುದು ಜಿಸಿಸಿಯೋ ಕ್ಲ್ಯಾಂಗೋ ಅನ್ನುವುದಕ್ಕಿಂತ ಎಷ್ಟೋ ದೊಡ್ಡ ವಿಷಯ. ತಮ್ಮ ಯಂತ್ರಕ್ಕೆ ಹೊಂದದ ಬೈನರಿ ಇಳಿಸಿಕೊಂಡು, ಕಂಪೈಲರ್ ಬಗ್ಗೆ ವಾದ ಮಾಡುವವರನ್ನು ನೋಡಿದರೆ ನಗು ಬರುತ್ತದೆ.

ಇಷ್ಟೆಲ್ಲ ಆದಮೇಲೆ ಎಲೋ. ನೂರಕ್ಕೆ ಹತ್ತು ವೇಗ ಹೆಚ್ಚಿದರೆ ಎಷ್ಟು ಬಲ? ಇಮ್ಮಡಿಗೆ 60 ಎಲೋ ಅಂತ ಹಿಡಿದರೆ 1.1ರ ಲಾಗರಿದಮ್ ಲೆಕ್ಕದಲ್ಲಿ ಸುಮಾರು 8 ಎಲೋ. ನೂರಕ್ಕೆ ಮೂರು ಹೆಚ್ಚಿದರೆ ಎರಡೂವರೆ. 8 ಎಲೋ ಅಂದರೆ ನೂರು ಆಟದಲ್ಲಿ 51ಕ್ಕೆ ತುಸು ಮೇಲೆ ಅಂಕ. ಇದನ್ನು ಆಟ ಆಡಿಸಿಯೇ ಸಾಬೀತು ಮಾಡುತ್ತೇನೆ ಅಂದರೆ, ಅರ್ಧ ಆಟಗಳು ಡ್ರಾ ಆಗುವಲ್ಲಿ 1,000 ಆಟಕ್ಕೆ ಅನಿಶ್ಚಿತತೆ ಆಚೆ ಈಚೆ 15, 10,000 ಆಟಕ್ಕೆ ಸುಮಾರು 5, 40,000 ಆಟಕ್ಕೆ ಎರಡೂವರೆ. ಆಟಗಳನ್ನು ನಾಲ್ಕು ಪಟ್ಟು ಮಾಡಿದರೆ ಅನಿಶ್ಚಿತತೆ ಅರ್ಧಕ್ಕಿಳಿಯುತ್ತದೆ, ಅಷ್ಟೇ. ಸ್ಟಾಕ್‌ಫಿಶ್‌ಗೆ ಗ್ಯಾರಿ ಲಿನ್ಸ್‌ಕಾಟ್ 2013ರಲ್ಲಿ ಕಟ್ಟಿಕೊಟ್ಟ ಫಿಶ್‌ಟೆಸ್ಟ್‌ನಲ್ಲಿ ಜನರು ತಮ್ಮ ಯಂತ್ರಗಳ ಸಮಯ ದಾನ ಮಾಡುತ್ತಾರೆ, ಅವರಿಗೆ ಇದು ಸಾಧ್ಯ. ನನ್ನ ಒಂದು ಯಂತ್ರಕ್ಕೆ ಕಷ್ಟ.

ನಾನು ಅಡ್ಡದಾರಿ ಹಿಡಿದೆ. ಒಂದೇ ಬೈನರಿಯ ಎರಡು ಪ್ರತಿ, ಒಂದಕ್ಕೆ ಪೂರ್ತಿ ಸಮಯ, ಇನ್ನೊಂದಕ್ಕೆ ಅರ್ಧ ಸಮಯ. ಈ ಅಂತರ ದೊಡ್ಡದಿರುವುದರಿಂದ ಕೆಲವೇ ಸಾವಿರ ಆಟಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದರಿಂದ ನನ್ನ ಎಂಜಿನ್‌ಗೆ, ನಾನು ಆಡಿಸುವ ಸಮಯಮಿತಿಯಲ್ಲಿ, ಇಮ್ಮಡಿ ವೇಗದ ಬೆಲೆ ಎಷ್ಟು ಅಂತ ಗೊತ್ತಾಯಿತು. ಬಂದದ್ದು ಆ ಬಾಯಿಮಾತಿನ ಅಂದಾಜಿನ ಒಳಗೇ. ಇನ್ನು ಕಂಪೈಲರ್‌ಗಳ ವ್ಯತ್ಯಾಸವನ್ನು ಬೆಂಚ್‌ನಲ್ಲಿ ಅಳೆದು, ಆ ಬೆಲೆಯಿಂದ ಲೆಕ್ಕ ಹಾಕಿದರೆ ಆಯಿತು. ಕಂಪೈಲರ್ ಹೋಲಿಸಲು ಪಂದ್ಯ ಆಡಿಸುವುದನ್ನು ಅಂದಿನಿಂದ ಬಿಟ್ಟೆ.

ನನಗೆ ಬರೆದವರಿಗೆ ಎವಿಎಕ್ಸ್2ಗೆ, ಪಿಜಿಓ ಮಾಡಿದ ಜಿಸಿಸಿ ಬೈನರಿಯೊಂದನ್ನು ಕಳಿಸಿದೆ. “ಈಗ ನನ್ನದಕ್ಕಿಂತ ಚೂರು ಮುಂದೆ ಓಡುತ್ತಿದೆ ಸರ್, ಆದರೆ ನಾನು ಕ್ಲ್ಯಾಂಗ್‌ಗೂ ಪಿಜಿಓ ಮಾಡಿ ನೋಡುತ್ತೇನೆ” ಅಂದರು. ಮಾಡಿ ಅಂದೆ. ಈಗ ಮೂರು ಬೈನರಿ ಇಡುತ್ತೇನೆ: ಪಾಪ್‌ಕೌಂಟ್ ಇರುವ ಹಳೆಯ ಯಂತ್ರಕ್ಕೆ ಒಂದು, ಎವಿಎಕ್ಸ್2ಗೆ ಒಂದು, ಬಿಎಂಐ2ಗೆ ಒಂದು. ಜೆನ್ 2 ಮತ್ತು ಅದಕ್ಕಿಂತ ಹಳೆಯ ಜೆನ್ ಇರುವವರು ಮೂರನೆಯದನ್ನು ಮುಟ್ಟಬೇಡಿ ಅಂತ ಪಕ್ಕದಲ್ಲೇ ಬರೆದಿದ್ದೇನೆ.

ಮೊನ್ನೆ ಇನ್ನೊಬ್ಬರು ಆರ್ಮ್ ಪ್ರೊಸೆಸರ್‌ಗೆ ಕಂಪೈಲ್ ಮಾಡಿ, ಬೆಂಚ್ ಸಂಖ್ಯೆ ಹೊಂದುತ್ತಿಲ್ಲ ಅಂತ ಕಳಿಸಿದರು. ಎಕ್ಸ್86 ಲಿನಕ್ಸ್‌ನಲ್ಲಿ ಚಾರ್ ಅನ್ನುವ 8 ಬಿಟ್ ಸಂಖ್ಯೆ ಋಣ ಸಂಖ್ಯೆಯನ್ನೂ ಹಿಡಿಯುತ್ತದೆ, ಆರ್ಮ್ ಲಿನಕ್ಸ್‌ನಲ್ಲಿ ಹಿಡಿಯುವುದಿಲ್ಲ. ನಡೆಗಳ ಇತಿಹಾಸದ ಒಂದು ಪಟ್ಟಿಯಲ್ಲಿ “ಏನೂ ಇಲ್ಲ” ಅನ್ನುವುದಕ್ಕೆ ನಾನು ಇಟ್ಟಿದ್ದ -1, ಅಲ್ಲಿ 255 ಆಗಿ ಕೂತಿತ್ತು. ಸೈನ್ಡ್ ಅಂತ ಒಂದು ಪದ ಸೇರಿಸಿದೆ, ಸಂಖ್ಯೆ ಹೊಂದಿತು. ಬಿಲ್ಡ್ ಸ್ಕ್ರಿಪ್ಟ್ ಈಗ ಪ್ರತಿ ಬೈನರಿಯನ್ನೂ ಮೊದಲು ಬೆಂಚ್ ಮಾಡಿಸುತ್ತದೆ, ಸಂಖ್ಯೆ ಹೊಂದದಿದ್ದರೆ ಅದನ್ನು ಅಳಿಸಿ ಹಾಕುತ್ತದೆ.